ಉಪ್ಪು ಅಳೆಯೋಕೆ ಮೊದಲು ಚಳಿ ಅಳೀಬೇಕು

ವೈಟ್‌ಫೀಲ್ಡ್ ಕಡೆ ಪಿಜಿಗಳಲ್ಲಿ ಇರೋರಿಗೆ ಟಿಡಿಎಸ್ ಮೀಟರ್ ಹೊಸದೇನಲ್ಲ. ಟ್ಯಾಂಕರ್ ನೀರಿಗೆ ಅದ್ದಿದ ತಕ್ಷಣ ಒಂದು ನಂಬರ್ ತೋರಿಸುತ್ತೆ. ಆದ್ರೆ ಆ ಮೀಟರ್ ಉಪ್ಪನ್ನು ತೂಗೋದಿಲ್ಲ. ನೀರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ ಲೆಕ್ಕ ಹಾಕುತ್ತೆ, ಅಷ್ಟೆ.

ಅಂಟಾರ್ಕ್ಟಿಕಾದ ಸುತ್ತ ಇರುವ ದಕ್ಷಿಣ ಸಾಗರದಲ್ಲೂ ಇದೇ ತತ್ವ. ಅಲ್ಲಿಗೆ ಭಾರತದ ಮೊದಲ ಸಂಶೋಧನಾ ಯಾನ ಹೋಗಿದ್ದು 2004ರಲ್ಲಿ, 'ಸಾಗರ ಕನ್ಯಾ' ಹಡಗಿನಲ್ಲಿ. ಇಂಥ ಯಾನಗಳಲ್ಲಿ ಕೇಬಲ್‌ಗೆ ಕಟ್ಟಿ ನೀರಿಗಿಳಿಸುವ ಮುಖ್ಯ ಉಪಕರಣ ಸಿಟಿಡಿ: ಕಂಡಕ್ಟಿವಿಟಿ, ಟೆಂಪರೇಚರ್, ಡೆಪ್ತ್. ಆಳವನ್ನೂ ನೇರವಾಗಿ ಅಳೆಯಲ್ಲ, ಒತ್ತಡ ಅಳೀತಾರೆ. 1 ಡೆಸಿಬಾರ್ ಹೆಚ್ಚಿದ್ರೆ ಸುಮಾರು 1 ಮೀಟರ್ ಕೆಳಗೆ ಇಳಿದಿದೆ ಅಂತ.

ಈಗ ಒಂದು ಲೆಕ್ಕ. ಕೆ.ಜಿ.ಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರಿನ ವಾಹಕತೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರ್‌ಗೆ 53 ಮಿಲಿಸೀಮೆನ್ಸ್. ಅದೇ ನೀರನ್ನು 0 ಡಿಗ್ರಿಗೆ ತಂದ್ರೆ 29. ಉಪ್ಪು ಒಂದು ಚಿಟಿಕೆಯೂ ಕಡಿಮೆಯಾಗಿಲ್ಲ! ತಣ್ಣನೆಯ ನೀರು ಹೆಚ್ಚು ಸ್ನಿಗ್ಧ, ಅಯಾನುಗಳು ನಿಧಾನವಾಗಿ ಚಲಿಸುತ್ತವೆ. ಹಾಗಾಗಿ ತಾಪಮಾನ ಗೊತ್ತಿಲ್ಲದೆ ಲವಣಾಂಶ ಹೇಳೋಕೆ ಆಗಲ್ಲ. ಧ್ರುವದ ನೀರಲ್ಲಿ ತಾಪಮಾನ 0.01 ಡಿಗ್ರಿ ತಪ್ಪಿದ್ರೆ ಲವಣಾಂಶವೂ ಸುಮಾರು 0.01 ತಪ್ಪುತ್ತೆ.

ಅಷ್ಟು ಸಣ್ಣ ತಪ್ಪಿಗೆ ಯಾಕಿಷ್ಟು ತಲೆಕೆಡಿಸ್ಕೋಬೇಕು? ಘನೀಕರಣ ಬಿಂದುವಿನ ಹತ್ತಿರ 1 ಡಿಗ್ರಿ ಬದಲಾದ್ರೆ ಸಾಂದ್ರತೆ ಘನ ಮೀಟರ್‌ಗೆ ಸುಮಾರು 0.05 ಕೆ.ಜಿ. ಮಾತ್ರ ಬದಲಾಗುತ್ತೆ. ಲವಣಾಂಶ 1 ಗ್ರಾಂ ಬದಲಾದ್ರೆ 0.8 ಕೆ.ಜಿ. ಅಂದ್ರೆ ಅಲ್ಲಿ ಯಾವ ನೀರು ಮುಳುಗಬೇಕು ಅಂತ ತೀರ್ಮಾನಿಸೋದು ಉಪ್ಪು. ಮಂಜುಗಡ್ಡೆ ಕಟ್ಟುವಾಗ ಉಪ್ಪು ನೀರಲ್ಲೇ ಉಳಿಯುತ್ತೆ. ಭಾರವಾದ ಆ ನೀರು ಆಮ್ಲಜನಕವನ್ನು ಹೊತ್ತು ಸಾಗರದ ತಳಕ್ಕೆ ಇಳಿಯುತ್ತೆ. ಹಿಮ ಕರಗಿ ಸಿಹಿನೀರು ಬೆರೆತಷ್ಟೂ ಈ ಇಳಿಯುವಿಕೆ ಕುಂಠಿತವಾಗುತ್ತೆ. ಆ ಬದಲಾವಣೆಯ ಸುಳಿವು ಸಿಗೋದು ದಶಮಾಂಶದ ಎರಡನೇ, ಮೂರನೇ ಅಂಕಿಯಲ್ಲಿ.

ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಸ್ವಾರಸ್ಯ ಇರೋದು ಮುಂದೆ. ಸಿಟಿಡಿ ಸೆಕೆಂಡಿಗೆ 1 ಮೀಟರ್ ಇಳೀತಿದೆ ಅಂದ್ಕೊಳ್ಳಿ. ಒಂದು ಸೆನ್ಸರ್ 0.1 ಸೆಕೆಂಡ್ ತಡ ಮಾಡಿದ್ರೆ, ತಾಪಮಾನ ಒಂದು ಪದರದ್ದು, ವಾಹಕತೆ 10 ಸೆಂಟಿಮೀಟರ್ ಆಚೆಯದ್ದು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ಗ್ರಾಫ್‌ನಲ್ಲಿ ಸಮುದ್ರದಲ್ಲಿ ಇಲ್ಲವೇ ಇಲ್ಲದ ಒಂದು ಮುಳ್ಳು ಏಳುತ್ತೆ. ಅದಕ್ಕೇ ಪಂಪ್‌ನಿಂದ ನೀರನ್ನು ಒಂದೇ ವೇಗದಲ್ಲಿ ಎರಡೂ ಸೆನ್ಸರ್‌ಗಳಿಗೆ ಹಾಯಿಸ್ತಾರೆ, ಆಮೇಲೆ ಡೇಟಾವನ್ನು ಕಾಲಕ್ಕೆ ಸರಿಯಾಗಿ ಹೊಂದಿಸ್ತಾರೆ. ಜೊತೆಗೆ ಬೇರೆಬೇರೆ ಆಳದಿಂದ ಬಾಟಲಿಗಳಲ್ಲಿ ನೀರು ತಂದು ಸ್ಯಾಲಿನೋಮೀಟರ್‌ನಲ್ಲಿ ತಾಳೆ ನೋಡ್ತಾರೆ.

ಲ್ಯಾಬ್‌ನಲ್ಲಿ ಗ್ರಾಫ್ ವಿಚಿತ್ರವಾಗಿ ಬಂದಾಗ ಹೊಸ ವಿದ್ಯಮಾನ ಸಿಕ್ತು ಅಂತ ಖುಷಿಪಡೋ ಮೊದಲು, ಎರಡು ಸೆನ್ಸರ್‌ಗಳೂ ಒಂದೇ ಕ್ಷಣದ ಮಾತಾಡ್ತಿವೆಯಾ ಅಂತ ಕೇಳಿ.