ಮಲತಂದೆ, ಮಲತಾಯಿ ಮತ್ತು ಪಾಲಕತ್ವದ ಹಕ್ಕು

ವಿಧವೆಯರ ಮರುವಿವಾಹಕ್ಕೆ ಕೊಡವ ಸಂಪ್ರದಾಯ ಹಿಂದಿನಿಂದಲೂ ಸಮ್ಮತಿ ನೀಡಿದೆಯಾದರೂ, ಮದುವೆಯಾದ ಮಾತ್ರಕ್ಕೆ ಹೊಸ ಸಂಗಾತಿಯು ಮಗುವಿನ ಕಾನೂನುಬದ್ಧ ಪಾಲಕರಾಗುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು ಸಹಜ ಪಾಲಕರ, ಅಂದರೆ ನ್ಯಾಯಾಲಯದ ನೇಮಕವಿಲ್ಲದೆಯೇ ಹಕ್ಕುಳ್ಳವರ, ಸಾಲಿನಿಂದ ಮಲತಂದೆ ಮಲತಾಯಿಯರನ್ನು ಹೊರಗಿಟ್ಟಿದೆ.

1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ, ಮಗು ಸಾಮಾನ್ಯವಾಗಿ ವಾಸಿಸುವ ಜಿಲ್ಲೆಯ ನ್ಯಾಯಾಲಯಕ್ಕೆ, ಕೊಡಗಿನವರಾದರೆ ಮಡಿಕೇರಿಯಲ್ಲಿ, ತಮ್ಮನ್ನು ಪಾಲಕರಾಗಿ ನೇಮಿಸುವಂತೆ ಅವರು ಅರ್ಜಿ ಸಲ್ಲಿಸಬಹುದು. ಆದರೆ ಹೆತ್ತವರಲ್ಲಿ ಒಬ್ಬರು ಜೀವಂತವಿದ್ದು ಅನರ್ಹರಲ್ಲದಿದ್ದರೆ, ಮಗುವಿನ ಪಾಲನೆಗೆ ಬೇರೊಬ್ಬರನ್ನು ನೇಮಿಸಲು 19ನೇ ಕಲಮು ಅಡ್ಡಿಯಾಗುತ್ತದೆಂಬುದನ್ನು ಅರ್ಜಿದಾರರು ಮೊದಲೇ ಅರಿತಿರಬೇಕು. ಮಗುವಿನ ಕಾಫಿ ತೋಟದಂತಹ ಸ್ಥಿರಾಸ್ತಿಗೆ ನ್ಯಾಯಾಲಯ ನೇಮಿಸಿದ ಪಾಲಕರು ಸಹ ನ್ಯಾಯಾಲಯದ ಅನುಮತಿಯಿಲ್ಲದೆ ಆ ಆಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ.

ಪೂರ್ಣ ಹೆತ್ತವರ ಸ್ಥಾನ ಬಯಸುವ ಕುಟುಂಬಗಳಿಗೆ ಬಾಲನ್ಯಾಯ ಕಾಯ್ದೆಯಡಿಯ ದತ್ತುವೇ ಸೂಕ್ತ ಮಾರ್ಗ. ಅದಕ್ಕೆ ಜೈವಿಕ ಹೆತ್ತವರ ಒಪ್ಪಿಗೆ ಬೇಕು. ತಂದೆ ತೀರಿಕೊಂಡಿದ್ದರೆ, ತಾಯಿಯು ತನ್ನ ನಂತರದ ಪಾಲಕರನ್ನು ಉಯಿಲಿನ ಮೂಲಕ ಹೆಸರಿಸುವ ಅವಕಾಶವನ್ನೂ 1956ರ ಕಾಯ್ದೆ ನೀಡುತ್ತದೆ. ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ದೊರೆಯುವುದರಿಂದ, ಯಾವ ಹೆಜ್ಜೆಗೂ ಮುನ್ನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆ ಪಡೆಯುವುದೇ ಮಗುವಿನ ಹಿತಕ್ಕೆ ಒಳ್ಳೆಯದು.