ಮಳೆ ಹಿಡಿಯುವ ಮೊದಲೇ ಯೋಚಿಸು

ಕೂಸೇ, ಕೆಂಚನ ವಿಷಯವನ್ನು ಅತ್ತಿಗೆ ಫೋನಿನಲ್ಲಿ ಹೇಳಿದರು. 16 ವರ್ಷದ ಬೆಕ್ಕು, ಕಿಡ್ನಿ ಸೋತಿದೆ, ಮೈ ಇಳಿಯುತ್ತಲೇ ಇದೆ, ಇಂಜೆಕ್ಷನ್ ಕೊಡಿಸಿ ಮಲಗಿಸುವುದೋ ಬೇಡವೋ ಎಂದು ನೀನು ಒಳಗೊಳಗೇ ಬೇಯುತ್ತಿದ್ದೀಯಂತೆ. ಸುತ್ತಿ ಬಳಸಿ ಹೇಳುವುದಿಲ್ಲ. ಕೆಂಚ ತಾನಾಗಿ ಕಣ್ಣು ಮುಚ್ಚಲಿ ಎಂದು ಕಾಯಬೇಡ. ಅವನಿಗೆ ಇಷ್ಟವಾದದ್ದು ಒಂದಾದರೂ ಉಳಿದಿರುವಾಗಲೇ ಡಾಕ್ಟರ ಹತ್ತಿರ ಮಾತಾಡಿ ದಿನ ಗೊತ್ತು ಮಾಡಿಕೊ.

ನಮ್ಮ ಕಡೆಯವರಿಗೆ ಇದು ರೂಢಿಯಿಲ್ಲದ ಮಾತು. ಹಿಂದೆ ಬೆಕ್ಕು ಮುದಿಯಾಗುವವರೆಗೆ ಉಳಿಯುತ್ತಿದ್ದದ್ದೇ ಅಪರೂಪ. ಕಣಜದ, ಅಡಿಕೆ ಅಟ್ಟದ ಇಲಿ ಹಿಡಿಯಲಿ ಎಂದು ಸಾಕುತ್ತಿದ್ದರು. ಒಂದನ್ನು ನಾಯಿ ಹಿಡಿಯುತ್ತಿತ್ತು, ಒಂದನ್ನು ಚಿರತೆ ಒಯ್ಯುತ್ತಿತ್ತು, ಇನ್ನೊಂದು ಹಾವಿನ ಜೊತೆ ಸೆಣಸಿ ಸಾಯುತ್ತಿತ್ತು. ಹೇಗೋ ಮುಪ್ಪಿನವರೆಗೆ ಬಂದದ್ದು ಒಂದು ದಿನ ಕಾಣೆಯಾಗುತ್ತಿತ್ತು. ‘ಬೆಕ್ಕು ಮನೆಯೊಳಗೆ ಸಾಯುವುದಿಲ್ಲ, ಹೊತ್ತು ಬಂದಾಗ ತಾನೇ ಹೊರಟುಹೋಗುತ್ತದೆ’ ಎಂದು ಹಿರಿಯರು ಮಾತು ಮುಗಿಸುತ್ತಿದ್ದರು. ಹಾಗೆ ಹೋದ ಬೆಕ್ಕು ಸಾವನ್ನು ಹುಡುಕಿಕೊಂಡು ಹೋಗಿರುತ್ತಿರಲಿಲ್ಲ. ಮೈಯಲ್ಲಿ ತ್ರಾಣವಿಲ್ಲದ್ದು ಬೇರೆ ಪ್ರಾಣಿಯ ಕಣ್ಣಿಗೆ ಬೀಳದಂತೆ ಅಡಗುತ್ತದೆ, ಅಷ್ಟೆ. ತೋಟದ ದರಕಿನ ರಾಶಿಯಲ್ಲೋ ಕೊಟ್ಟಿಗೆ ಅಟ್ಟದ ಹುಲ್ಲಿನ ಸಂದಿಯಲ್ಲೋ ಅದು ನೀರಿಲ್ಲದೆ ದಿನಗಟ್ಟಲೆ ನವೆಯುವುದನ್ನು ನಾವು ನೋಡುತ್ತಿರಲಿಲ್ಲ. ಈಗ ಲಸಿಕೆ ಹಾಕಿಸಿ, ಆಪರೇಷನ್ ಮಾಡಿಸಿ, ರಾತ್ರಿ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತೇವೆ. 15–16 ವರ್ಷ ಬದುಕುತ್ತವೆ. ಅವುಗಳ ಕೊನೆಯ ದಿನಗಳೂ ನಮ್ಮ ಕಣ್ಣೆದುರೇ ನಡೆಯುತ್ತವೆ. ಹಾಗಾಗಿ ಅದರ ಹೊಣೆಯೂ ನಮ್ಮದೇ.

‘ಕೂಗುವುದಿಲ್ಲವಲ್ಲ, ನೋವಿಲ್ಲ ಬಿಡು’ ಎಂದು ಅಣ್ಣ ಅನ್ನುತ್ತಾನಂತೆ. ಬೆಕ್ಕು ನೋವಿಗೆ ಕೂಗುವುದು ಕಡಿಮೆ. ತೊಡೆಯ ಮೇಲೆ ಗೊರಗೊರ ಅನ್ನುತ್ತದೆಂದು ಸಮಾಧಾನಪಡಬೇಡ, ನೋವಿದ್ದಾಗಲೂ ಹಾಗನ್ನುವುದುಂಟು. ಮುಖ ನೋಡು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿಯೇ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಅದಕ್ಕೆ ಯಾವ ಯಂತ್ರವೂ ಬೇಡ. ನೆಟ್ಟಗೆ ಎದುರಿಗಿರಬೇಕಾದ ಕಿವಿಗಳು ಪಕ್ಕಕ್ಕೆ ತಿರುಗಿ ಚಪ್ಪಟೆಯಾಗಿವೆಯೇ, ಎಚ್ಚರವಿದ್ದೂ ಕಣ್ಣು ಹಿಂಡಿಕೊಂಡಿದೆಯೇ, ದುಂಡಗಿದ್ದ ಮೂತಿ ಬಿಗಿದುಕೊಂಡಿದೆಯೇ, ಸಡಿಲವಾಗಿ ಬಾಗಿರುತ್ತಿದ್ದ ಮೀಸೆ ಸೆಟೆದು ನಿಂತಿದೆಯೇ, ತಲೆ ಹೆಗಲಿಗಿಂತ ಕೆಳಗೆ ಇಳಿದಿದೆಯೇ ನೋಡು. ಐದನ್ನೂ ಒಟ್ಟಿಗೆ ಗಮನಿಸು. ಕಿಡ್ನಿ ಕೆಟ್ಟ ಬೆಕ್ಕಿನಲ್ಲಿ ಇನ್ನೊಂದು ಲಕ್ಷಣವಿದೆ. ನೀರಿನ ಬಟ್ಟಲಿನವರೆಗೆ ಹೋಗಿ, ಅದರ ಮೇಲೆ ತಲೆ ಬಾಗಿಸಿ, ಕುಡಿಯದೆ ಹಾಗೇ ಕೂತಿರುತ್ತದೆ. ಬಾಯಾರಿಕೆ ಇದೆ, ಹೊಟ್ಟೆ ತೊಳಸುತ್ತದೆ. ಅದನ್ನು ಕಂಡ ದಿನ ಅವನು ಹಾಯಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾನೆ ಎಂದುಕೊಳ್ಳಬೇಡ.

ದಿನಾ ನೋಡುವವರಿಗೆ ಇಳಿತ ಗೊತ್ತಾಗುವುದಿಲ್ಲ. ನಿನ್ನೆಗಿಂತ ಇವತ್ತು ಸ್ವಲ್ಪವೇ ಕಡಿಮೆ, ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ಆದ್ದರಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ರಾತ್ರಿ ಮಲಗುವ ಮುಂಚೆ ಒಂದು ಗುರುತು ಹಾಕು. ತಾನಾಗಿ ಉಂಡನೇ, ಎದ್ದು ಹೋಗಿ ಹೊರಗೆ ಉಚ್ಚೆ ಮಾಡಿದನೇ, ಮೈ ನೆಕ್ಕಿಕೊಂಡನೇ? ಬೆನ್ನಿನ ಕೊನೆಯಲ್ಲಿ, ಬಾಲದ ಬುಡದಲ್ಲಿ ಕೂದಲು ಗಂಟುಗಂಟಾಗಿದ್ದರೆ ತಿರುಗಿ ನೆಕ್ಕಲು ಅವನಿಂದ ಆಗುತ್ತಿಲ್ಲ ಎಂದರ್ಥ. ಇವುಗಳ ಜೊತೆಗೆ ಕೆಂಚನದೇ ಆದ ಎರಡು ಸಂಗತಿ ಬರೆದುಕೊ. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆ ಬಾಗಿಲಲ್ಲಿ ಬಂದು ಕಾಯುವುದು, ಬೆಳಿಗ್ಗೆ ಬಚ್ಚಲ ಒಲೆಯ ಬೆಚ್ಚಗಿನ ಬೂದಿಯ ಪಕ್ಕ ಹೋಗಿ ಮಲಗುವುದು. ಅವನು ಅವನಾಗಿ ಇದ್ದಾನೋ ಇಲ್ಲವೋ ಎಂದು ತಿಳಿಯುವುದು ಇಂಥದ್ದರಿಂದಲೇ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಅವರ ಅಳತೆಯೊಂದಿದೆ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಚೊಕ್ಕಟ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು, ಹೀಗೆ ಏಳಕ್ಕೂ ಹತ್ತತ್ತು ಅಂಕ. ಮೊತ್ತ 35 ದಾಟದಿದ್ದರೆ ಯೋಚಿಸಬೇಕು ಅನ್ನುತ್ತಾರೆ. ಅಂಕ ಲೆಕ್ಕ ಹಾಕಲು ನಿನಗೆ ಮನಸ್ಸು ಬಾರದಿದ್ದರೆ ಕ್ಯಾಲೆಂಡರೇ ಸಾಕು. ಒಂದು ವಾರದಲ್ಲಿ ಕೆಟ್ಟ ದಿನಗಳೇ ಹೆಚ್ಚಾದವೋ, ಮುಂದಿನ ವಾರ ನೋಡೋಣ ಅನ್ನಬೇಡ.

ಅವಸರವನ್ನೂ ಮಾಡಬೇಡ. ಊಟ ಬಿಟ್ಟ ಮುದಿ ಬೆಕ್ಕಿಗೆಲ್ಲ ಕೊನೆ ಬಂದಿರುವುದಿಲ್ಲ. ಹಲ್ಲು ಕೊಳೆತು ನೋವಿದ್ದರೂ ಬಿಡುತ್ತವೆ. ಥೈರಾಯ್ಡ್ ಹೆಚ್ಚಾದರೆ ಚೆನ್ನಾಗಿ ತಿಂದೂ ಬಡಕಲಾಗುತ್ತವೆ. ಅದಕ್ಕೆ ಮಾತ್ರೆ ಇದೆ. ಕಿಡ್ನಿಯ ಮಾತು ಬೇರೆ. ಹೆಚ್ಚುಕಡಿಮೆ ಮುಕ್ಕಾಲು ಪಾಲು ಕೆಟ್ಟ ಮೇಲೆಯೇ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದ್ದು ಕಾಣುವುದು, ಹೋದದ್ದು ತಿರುಗಿ ಬರುವುದಿಲ್ಲ. ಆದರೂ ಚರ್ಮದಡಿ ಸಲೈನ್ ಕೊಡುವುದನ್ನು ಡಾಕ್ಟರು ಮನೆಯವರಿಗೇ ಕಲಿಸುತ್ತಾರೆ, ವಾಂತಿ ನಿಲ್ಲುವ ಔಷಧ ಕೊಡುತ್ತಾರೆ. ಅದರಿಂದ ಕೆಲವಕ್ಕೆ ಒಳ್ಳೆಯ ತಿಂಗಳುಗಳೇ ಸಿಕ್ಕುತ್ತವೆ. ಅದನ್ನು ಮಾಡಿ ನೋಡು. ಆದರೆ ಸೂಜಿ ಕಂಡೊಡನೆ ಅವನು ಮಂಚದಡಿ ಸೇರುವ ಹಾಗಾಗಿ, ಇಡೀ ದಿನ ಹಿಡಿಯುವುದು ಚುಚ್ಚುವುದು ಇಷ್ಟೇ ಆದರೆ, ಆ ಚಿಕಿತ್ಸೆ ನಿನ್ನ ಸಮಾಧಾನಕ್ಕೆ ನಡೆಯುತ್ತಿದೆ, ಅವನಿಗಾಗಿ ಅಲ್ಲ. ಇನ್ನೊಂದು ಮಾತು ಮರೆಯಬೇಡ. ನೋವು ನೋಡಲಾರದೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬೇಡ. ಬೆಕ್ಕಿಗೆ ಅದು ವಿಷ, ರಕ್ತಕ್ಕೆ ಉಸಿರಿನ ಗಾಳಿ ಹೊರುವ ಶಕ್ತಿಯನ್ನೇ ಕಳೆಯುತ್ತದೆ.

ಪಾಪದ ಮಾತಿಗೆ ಬರುತ್ತೇನೆ. ನಿನ್ನಜ್ಜಿ ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅನ್ನುವ ಕಾಲದವರು. ಅವರ ಭಯವನ್ನು ಹಗುರವಾಗಿ ಕಾಣಬೇಡ. ಮುದಿ ದನವನ್ನು ಕೊನೆಯವರೆಗೆ ಮೇವು ಹಾಕಿ ನೋಡಿಕೊಳ್ಳಬೇಕು ಎಂದು ನಂಬಿದ ಸೀಮೆ ನಮ್ಮದು. ರಾಮಚಂದ್ರಾಪುರ ಮಠ ನಿಮ್ಮ ಹೊಸನಗರ ತಾಲೂಕಿನಲ್ಲೇ ಇದೆ, 2007ರಲ್ಲಿ ವಿಶ್ವ ಗೋ ಸಮ್ಮೇಳನ ಅಲ್ಲೇ ನಡೆಯಿತು. ಅಂಥ ಕಡೆ ಹುಟ್ಟಿದವರಿಗೆ ಸಾಕಿದ ಜೀವಕ್ಕೆ ಇಂಜೆಕ್ಷನ್ ಕೊಡಿಸುವುದು ಸುಲಭದ ಮಾತಲ್ಲ. ಅಜ್ಜಿಗೆ ಗಾಂಧೀಜಿಯ ಸಂಗತಿ ಹೇಳು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಗುಣವಾಗದ ನೋವಿನಲ್ಲಿ ಹೊರಳಾಡುತ್ತಿತ್ತು. ವೈದ್ಯರು ಆಸೆ ಬಿಟ್ಟಿದ್ದರು. ಗಾಂಧೀಜಿ ಆಶ್ರಮದವರೊಡನೆ ಚರ್ಚಿಸಿ, ವಿರೋಧವಿದ್ದರೂ, ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸಿದರು. ಅಹಮದಾಬಾದಿನಲ್ಲಿ ದೊಡ್ಡ ಗಲಾಟೆಯಾಯಿತು, ಸಿಟ್ಟಿನ ಪತ್ರಗಳು ರಾಶಿ ಬಿದ್ದವು. ಅವರು ಹಿಂದೆ ಸರಿಯಲಿಲ್ಲ. ಅದು ಅಹಿಂಸೆಯೇ ಎಂದು ತಮ್ಮ ಪತ್ರಿಕೆಯಲ್ಲಿ ಬರೆದರು. ನನಗೂ ಹಾಗೆಯೇ ಅನ್ನಿಸುತ್ತದೆ. ಮುದಿ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಪೇಟೆಯ ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟುಬರುವವರಿದ್ದಾರಲ್ಲ, ಪಾಪ ಇರುವುದು ಅಲ್ಲಿ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಇಷ್ಟು ಹೇಳಿದ ಮೇಲೂ ಅಜ್ಜಿ ಒಪ್ಪದಿದ್ದರೆ ಜಗಳವಾಡಬೇಡ. ಅವರು ಒಪ್ಪುವುದು ಬೇಕಿಲ್ಲ, ಅವರಿಗೆ ಮೊದಲೇ ತಿಳಿದಿದ್ದರೆ ಸಾಕು.

ಮಳೆಯ ವಿಚಾರ ನಿನಗೆ ನಾನು ಹೇಳಬೇಕಾಗಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡವೆಂದರೆ ಹುಲಿಕಲ್ಲಿನಿಂದ ಆಗುಂಬೆಯವರೆಗೆ ಎಲ್ಲಿ ಮರ ಬಿದ್ದಿದೆ, ಎಲ್ಲಿ ಕರೆಂಟು ಹೋಗಿದೆ, ಯಾರ ಫೋನಿಗೆ ಸಿಗ್ನಲ್ ಇದೆ ಎಂದು ತಿಳಿಯುವುದೇ ಕಷ್ಟ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ತುಮರಿ ಕಡೆಯವರು ಕಾಯಿಲೆಯ ಮನುಷ್ಯರನ್ನೇ ಹಿನ್ನೀರು ದಾಟುವ ಲಾಂಚಿಗೆ ಕಾಯಿಸಿಕೊಂಡು ಕೂರುತ್ತಿದ್ದರು, ಬೆಕ್ಕಿನ ಮಾತೆಲ್ಲಿ ಬಂತು. ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ಕಡೆ ಸರ್ಕಾರಿ ಪಶು ಆಸ್ಪತ್ರೆ ಇದೆ, ಆದರೆ ಅಲ್ಲಿಯ ಡಾಕ್ಟರ ದಿನ ಹೆಚ್ಚಾಗಿ ದನ-ಎಮ್ಮೆಗಳ ಹಿಂದೆ ಕಳೆಯುತ್ತದೆ. ಕೆಲವರು ಇಂಥ ಇಂಜೆಕ್ಷನ್ ಕೊಡಲು ಮನಸ್ಸು ಮಾಡುವುದಿಲ್ಲ, ಅದು ಅವರ ಹಕ್ಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನಮ್ಮ ಮೂರು ಪೇಟೆಗಳಿಂದಲೂ 60–75 ಕಿಲೋಮೀಟರು. ಉಸಿರಿಗೆ ಬಾಯಿ ತೆರೆಯುತ್ತಿರುವ ಬೆಕ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಷ್ಟು ದೂರ ಸುರಿಮಳೆಯಲ್ಲಿ ಒಯ್ಯುವ ಗತಿ ಬರಬಾರದು. ಯಾರು ಮಾಡುತ್ತಾರೆ, ಮನೆಗೆ ಬರುತ್ತಾರೋ, ಎಷ್ಟು ಖರ್ಚು ಎಂದು ಈಗಲೇ ಕೇಳಿಟ್ಟುಕೊ. ನಿದ್ದೆಯಲ್ಲಿರುವಾಗ ಅವನ ಉಸಿರು ಎಣಿಸು. ನಿಮಿಷಕ್ಕೆ 30ರ ಒಳಗಿರಬೇಕು. 40 ದಾಟಿದರೆ ಆ ದಿನವೇ ಫೋನು ಮಾಡು.

ಡಾಕ್ಟರಿಗೆ ಒಂದು ಮಾತು ತಪ್ಪದೆ ಕೇಳು, ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತೀರಾ ಎಂದು. ಸರಿಯಾದ ಕ್ರಮ ಅದೇ. ಕೆಲವು ನಿಮಿಷದಲ್ಲಿ ಅವನು ಗಾಢ ನಿದ್ದೆಗೆ ಹೋಗುತ್ತಾನೆ, ಆಮೇಲೆ ಅರಿವಳಿಕೆಯನ್ನೇ ಮಿತಿಮೀರಿದ ಪ್ರಮಾಣದಲ್ಲಿ ಕೊಡುತ್ತಾರೆ. ಹೃದಯ ನಿಲ್ಲುತ್ತದೆ. ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಉಚ್ಚೆ ಹೋಗಬಹುದು, ಜೀವ ಹೋದ ಮೇಲೂ ಒಂದೆರಡು ಸಲ ಎದೆ ಎಳೆದುಕೊಳ್ಳಬಹುದು. ಅವನಿಗೆ ಅದಾವುದೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ನೋಡಿದರೆ ನೀನು ಹೆದರುತ್ತೀಯ, ಅದಕ್ಕೆ ಹೇಳಿದೆ. ಅವನ ಹಳೇ ಸೀರೆ ತುಂಡಿನ ಮೇಲೆಯೇ ಮಲಗಿಸು, ಮಂಪರು ಹತ್ತುವವರೆಗೆ ನಿನ್ನ ಕೈ ಅವನ ಮೇಲಿರಲಿ. ಒಬ್ಬಳೇ ಇರಬೇಡ.

ಹೂಳುವ ಗುಂಡಿ ಮೂರು ನಾಲ್ಕು ಅಡಿ ಆಳವಿರಲಿ, ಮೇಲೆ ಕಲ್ಲು ಹೇರಿಸು. ಹಂದಿ, ನಾಯಿ ಕೆದಕಿದರೆ ಮೈಯಲ್ಲಿ ಉಳಿದ ಔಷಧದಿಂದ ಅವೂ ಸಾಯಬಹುದು. ಬಾವಿ, ಅಬ್ಬಿ ನೀರಿನ ದಾರಿಯಿಂದ ದೂರ ನೋಡಿ ತೆಗೆಸು.

ಪುಟ್ಟನಿಗೆ ಕೆಂಚ ಓಡಿಹೋದ ಎಂದು ಹೇಳಬೇಡಿ, ತೋಟವೆಲ್ಲ ಹುಡುಕುತ್ತಾನೆ. ನಿದ್ದೆ ಮಾಡಿಸಿದೆವು ಎಂದೂ ಬೇಡ, ಆರು ವರ್ಷದ ಹುಡುಗ ರಾತ್ರಿ ಕಣ್ಣು ಮುಚ್ಚಲು ಹೆದರಿಯಾನು. ಕೆಂಚನಿಗೆ ಗುಣವಾಗದ ಕಾಯಿಲೆ ಇತ್ತು, ತುಂಬ ನೋವಿತ್ತು, ಡಾಕ್ಟರು ಔಷಧ ಕೊಟ್ಟು ನೋವಿಲ್ಲದೆ ಸಾಯಲು ಸಹಾಯ ಮಾಡಿದರು ಎಂದು ಇದ್ದದ್ದನ್ನೇ ಹೇಳು. ಮಣ್ಣು ಹಾಕಲು ಬರುತ್ತೇನೆ ಅಂದರೆ ಬರಲಿ. ದಿನ ಗೊತ್ತಾದ ಕೂಡಲೇ ನನಗೆ ತಿಳಿಸು, ಸಾಗರದಿಂದ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ.