ವಿದ್ಯುತ್ ಬೈಕಿನ ಬ್ಯಾಟರಿ: ಕೊಳ್ಳುವ ಬೆಲೆಯೋ, ಓಡಿಸುವ ಬೆಲೆಯೋ?



ಈ ಸಲ ಕೊಳೆರೋಗವನ್ನೂ ಕಾಂಡಕೊರಕವನ್ನೂ ಬದಿಗಿಟ್ಟು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ವಿದ್ಯುತ್ ಬೈಕು ಕೊಳ್ಳಲು ಸಂಘದಿಂದ ಸಾಲ ಕೇಳಿ ಬರುವ ಸದಸ್ಯರು ಹೆಚ್ಚುತ್ತಿದ್ದಾರೆ. ಅರ್ಜಿಯ ಜೊತೆ ಅಂಗಡಿಯ ಬೆಲೆಪಟ್ಟಿ ಇರುತ್ತದೆ. ಅದರಲ್ಲಿ ಗಾಡಿಯ ಬಣ್ಣದಿಂದ ಹಿಡಿದು ಕನ್ನಡಿಯವರೆಗೆ ಎಲ್ಲವೂ ಬರೆದಿದ್ದು, ಬ್ಯಾಟರಿ ಯಾವ ಜಾತಿಯದೆಂಬುದು ಮಾತ್ರ ಇರುವುದಿಲ್ಲ. ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟೆಂದು ನೋಡದೆ ಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲವಷ್ಟೆ.

ನಾವೂ ಈ ತಪ್ಪು ಮಾಡಿದವರೇ. ಅಗ್ಗವೆಂದು ಸೀಸದ ಬ್ಯಾಟರಿಯ ಗಾಡಿಯನ್ನು ತಂದೆವು. ಜೂನ್‌ನಲ್ಲಿ ಮಳೆ ಹಿಡಿದಾಗ ಅರ್ಧ ಖಾಲಿಯಾಗಿದ್ದ ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಮರೆತೆವು. ಚೌತಿ ಕಳೆದು ಹೊರತೆಗೆದಾಗ ರಾತ್ರಿಯಿಡೀ ಚಾರ್ಜ್ ಕೊಟ್ಟರೂ ಗೇಟಿನಾಚೆಯ ಏರನ್ನು ಹತ್ತಲಿಲ್ಲ. ಮಾರಿದವರು ಗ್ಯಾರಂಟಿ ಕಾಗದ ತಿರುವಿ, ಇದು ಬಳಕೆದಾರರ ದೋಷ ಎಂದರು. ಮಾತು ಕಹಿಯಾದರೂ ಸುಳ್ಳಲ್ಲ. ಸೀಸದ ಬ್ಯಾಟರಿ ಖಾಲಿಯಾಗಿ ನಿಂತರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ; ಅದು ಮತ್ತೆ ಕರಗುವುದು ಕಷ್ಟ.

ಈಗ ಪೇಟೆಯಲ್ಲಿ ಮುಖ್ಯವಾಗಿ ಮೂರು ಜಾತಿಗಳಿವೆ. ಮೊದಲನೆಯದು ಸೀಸ-ಆಮ್ಲದ್ದು, 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಕಂಡುಹಿಡಿದದ್ದು. ಉಳಿದೆರಡೂ ಲಿಥಿಯಂ. ಒಂದರಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವುದರಿಂದ ಅದಕ್ಕೆ ಎನ್‌ಎಂಸಿ ಎನ್ನುತ್ತಾರೆ. ಇನ್ನೊಂದು ಕಬ್ಬಿಣದ ಫಾಸ್ಫೇಟಿನದು, ಎಲ್‌ಎಫ್‌ಪಿ. ಎನ್‌ಎಂಸಿ ಎಲ್ಲಕ್ಕಿಂತ ಹಗುರ. ಎಲ್‌ಎಫ್‌ಪಿ ಅದಕ್ಕಿಂತ ತುಸು ಭಾರ, ಆದರೆ ಬಾಳಿಕೆ ಹೆಚ್ಚು. ಬಿಸಿಯನ್ನೂ ಹೆಚ್ಚು ತಾಳುತ್ತದೆ. ಸೀಸದ್ದಾದರೋ 48 ವೋಲ್ಟಿನ ಒಂದು ಸೆಟ್ಟು 35-40 ಕಿಲೋ ತೂಗುತ್ತದೆ. ಗಾಡಿಯ ಮೇಲೆ ಒಂದು ಮೂಟೆ ಸದಾ ಹೇರಿಕೊಂಡೇ ಹೋದಂತೆ.

ಇನ್ನು ಲೆಕ್ಕಕ್ಕೆ ಬರೋಣ. ಕೆಳಗಿನ ಬೆಲೆಗಳೂ ಆಯುಷ್ಯವೂ ಲೆಕ್ಕ ತೋರಿಸಲು ನಾವೇ ಇಟ್ಟುಕೊಂಡವು. ನಿಮ್ಮ ಅಂಗಡಿಯವರ ಅಂಕಿಯನ್ನು ಆ ಜಾಗದಲ್ಲಿ ಹಾಕಿಕೊಂಡು ಪೆನ್ಸಿಲ್ ಹಿಡಿದು ಮಾಡಿ ನೋಡತಕ್ಕದ್ದು. ತೋಟದಿಂದ ಸಂಘಕ್ಕೆ ಹೋಗಿ ಬರಲು ದಿನಕ್ಕೆ 24 ಕಿ.ಮೀ., ವರ್ಷಕ್ಕೆ 300 ದಿನ. ಸಣ್ಣ ಗಾಡಿಗೆ ಕಿ.ಮೀ.ಗೆ 25 ವಾಟ್-ಅವರ್ ಎಂದರೆ ದಿನಕ್ಕೆ 600.

ಸೀಸದ ಸೆಟ್ಟಿಗೆ 12,000 ರೂ., ಹಳೆಯದಕ್ಕೆ ಗುಜರಿಯಲ್ಲಿ 2,500 ರೂ. ವಾಪಸು. ಅರ್ಧದಷ್ಟು ಖಾಲಿ ಮಾಡಿ ತುಂಬುತ್ತಾ ಹೋದರೆ 400 ಸಲ ಬಂದೀತು, ಅಂದರೆ 9,600 ಕಿ.ಮೀ. ಖರ್ಚು ಕಿ.ಮೀ.ಗೆ 99 ಪೈಸೆ. ಎನ್‌ಎಂಸಿಗೆ 24,000 ರೂ., 1,000 ಸಲ ಎಂದರೆ 24,000 ಕಿ.ಮೀ.; ಸರಿಯಾಗಿ ಒಂದು ರೂಪಾಯಿ. ಎಲ್‌ಎಫ್‌ಪಿಗೆ 28,000 ರೂ., 2,000 ಸಲ, 48,000 ಕಿ.ಮೀ.; 58 ಪೈಸೆ. ಲಿಥಿಯಂ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಕರೆಂಟಿನ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸೀಸಕ್ಕೆ ತುಂಬಿದ್ದರಲ್ಲಿ ಹೆಚ್ಚು ಭಾಗ ಬಿಸಿಯಾಗಿ ಹೋಗುತ್ತದೆ. ಹಾಗಿದ್ದೂ ಯೂನಿಟ್ಟಿಗೆ 7 ರೂ. ಹಿಡಿದರೆ ಕಿ.ಮೀ.ಗೆ 5 ಪೈಸೆ ಆಚೀಚೆ, ಅಷ್ಟೇ.

ಆದರೆ ಕೈಯಲ್ಲಿ ಹಣವಿಲ್ಲದವರು ಕೇಳುವ ಪ್ರಶ್ನೆಯೇ ಬೇರೆ: ಮೊದಲೇ 16,000 ರೂ. ಹೆಚ್ಚು ಕೊಟ್ಟರೆ ಅದರ ಬಡ್ಡಿ? ನ್ಯಾಯವಾದ ಪ್ರಶ್ನೆ. ಶೇಕಡಾ 10ರ ಬಡ್ಡಿಯಲ್ಲಿ 16 ತಿಂಗಳಿಗೆ ಆ 16,000 ಎಂಬುದು 18,133 ಆಗುತ್ತದೆ. ಅಷ್ಟರಲ್ಲಿ ಸೀಸದವರು ಎರಡನೆಯ ಸೆಟ್ಟಿಗೆ ಗುಜರಿ ಕಳೆದು 9,500 ಕೊಡಬೇಕು. ವ್ಯತ್ಯಾಸ 8,633ಕ್ಕೆ ಇಳಿಯಿತು. ಮತ್ತೆ 16 ತಿಂಗಳಿಗೆ ಬಡ್ಡಿ ಸೇರಿ 9,784. ಆಗ ಮೂರನೆಯ ಸೆಟ್ಟಿಗೆ ಇನ್ನೊಂದು 9,500. ಉಳಿದ ವ್ಯತ್ಯಾಸ 284 ರೂ. ಅಂದರೆ ಎರಡು ವರ್ಷ ಎಂಟು ತಿಂಗಳಿಗೆ ಎಲ್‌ಎಫ್‌ಪಿ ಬಡ್ಡಿ ಸಮೇತ ಸಮಕ್ಕೆ ಬಂದಿತು. ಮುಂದಿನದು ಉಳಿತಾಯ.

ಎರಡು ಸಾವಿರ ಸಲ ಎಂಬ ಮಾತನ್ನು ನಾವು ಪೂರ್ತಿ ನಂಬಿಲ್ಲ. ಒಳಗಿನ ಕೋಶಗಳು ಬಾಳಿದರೂ ಅವನ್ನು ಕಾಯುವ ಎಲೆಕ್ಟ್ರಾನಿಕ್ ಹಲಗೆ, ಅಂದರೆ ಬಿಎಂಎಸ್, ನಮ್ಮ ಮಳೆಗಾಲದ ತೇವಕ್ಕೆ ಮೊದಲು ಹೋದೀತು. ಹಾಗೆ ನಾಲ್ಕೇ ವರ್ಷಕ್ಕೆ ಎಲ್ಲವೂ ಮುಗಿಯಿತೆಂದು ಹಿಡಿದರೂ 28,800 ಕಿ.ಮೀ.ಗೆ ಬೀಳುವ ಖರ್ಚು 97 ಪೈಸೆ. ಸೀಸಕ್ಕಿಂತ ನಷ್ಟವೇನೂ ಇಲ್ಲ.

ವಾರಕ್ಕೊಮ್ಮೆ ಸಂತೆಗೆ ಮಾತ್ರ ಹೋಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ಬ್ಯಾಟರಿ ಓಡಿ ಸಾಯುವುದಿಲ್ಲ, ಕೂತು ಸಾಯುತ್ತದೆ, 28,000 ರೂ. ಅದರಲ್ಲಿ ಮಲಗಿಸುವುದು ದಂಡ. ಬಂದು ನಿಲ್ಲಿಸಿದ ದಿನವೇ ಚಾರ್ಜಿಗೆ ಹಾಕುವ, ನಿಂತೇ ಇದ್ದರೂ ತಿಂಗಳಿಗೊಮ್ಮೆ ತುಂಬುವ ಶಿಸ್ತು ಇದ್ದರೆ ಅವರಿಗೆ ಸೀಸವೇ ಸಾಕು. ಆ ಶಿಸ್ತು ನಮಗೆ ಇರಲಿಲ್ಲವೆಂದು ಮೇಲೆ ಹೇಳಿಯಾಗಿದೆ. ಲಿಥಿಯಂ ಆದರೆ ಮಳೆಗಾಲದಲ್ಲಿ ನಿಲ್ಲಿಸುವಾಗ ಅರ್ಧ ಚಾರ್ಜಿನಲ್ಲಿಡುವುದು ಲೇಸು.

ಏರಿನ ವಿಷಯವನ್ನೂ ಹೇಳಬೇಕು. ಸೀಸದ ಬ್ಯಾಟರಿಯ ಆಂಪಿಯರ್-ಅವರ್ ಅಂಕಿ ನಿಧಾನವಾಗಿ, ಕೆಲವದರಲ್ಲಿ 20 ಗಂಟೆಯ ಕಾಲ, ಖಾಲಿ ಮಾಡಿದರೆ ದೊರೆಯುವುದು. ಘಟ್ಟದ ದಾರಿಯಲ್ಲಿ ಒಂದೇ ಗಂಟೆಯಲ್ಲಿ ಎಳೆದರೆ ಅಷ್ಟು ಸಿಗದು. ಎಷ್ಟು ಗಂಟೆಯ ಲೆಕ್ಕ ಎಂದು ಕೇಳಿರಿ. ಲಿಥಿಯಂನಲ್ಲಿ ಈ ಕೊರತೆ ಬಹಳ ಕಡಿಮೆ.

ಸೀಸ ತೆಗೆದು ಲಿಥಿಯಂ ಹಾಕಿಸುವವರು ಹಳೆಯ ಚಾರ್ಜರನ್ನು ಕೈಬಿಡಲೇಬೇಕು. ಎಲ್ಲಕ್ಕೂ 48 ವೋಲ್ಟ್ ಎಂದೇ ಹೆಸರಾದರೂ 13 ಕೋಶಗಳ ಎನ್‌ಎಂಸಿ 54.6 ವೋಲ್ಟಿಗೆ ತುಂಬುತ್ತದೆ, 16 ಕೋಶಗಳ ಎಲ್‌ಎಫ್‌ಪಿ 58.4ಕ್ಕೆ. ಒಂದರದ್ದನ್ನು ಇನ್ನೊಂದಕ್ಕೆ ಚುಚ್ಚಿದರೆ ಬೆಂಕಿಗೆ ಆಹ್ವಾನ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಗಾಡಿಗಳು ಹೊತ್ತಿ ಉರಿದ ಬಳಿಕ ಸರ್ಕಾರ ಎ.ಐ.ಎಸ್.-156 ಎಂಬ ಪರೀಕ್ಷಾ ನಿಯಮವನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರ್‌ನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಹೆಸರಿಲ್ಲದ ಪೆಟ್ಟಿಗೆಯಲ್ಲಿ ಯಾರೋ ಬೆಸೆದುಕೊಟ್ಟ ಬ್ಯಾಟರಿಗೆ ಆ ರಕ್ಷೆ ಇಲ್ಲ. ಅಡಿಕೆ ಚೀಲ, ಸಿಪ್ಪೆ, ಸೌದೆ ಇರುವ ಕೋಣೆಯಲ್ಲಂತೂ ಚಾರ್ಜಿಗೆ ಹಾಕಕೂಡದು. ಗುಡುಗು ಕೇಳಿದೊಡನೆ ಪ್ಲಗ್ ಕೀಳಿರಿ.

ಹಳೆಯ ಸೀಸದ ಬ್ಯಾಟರಿಯನ್ನು ತೋಟದ ಮೂಲೆಗೆ ಎಸೆಯಬಾರದು. ಅದರ ಆಮ್ಲ, ಸೀಸ ಎರಡೂ ಇಳಿಯುವುದು ನಮ್ಮ ಬಾವಿಗೇ. ಮಾರಿದವರಿಗೇ ಹಿಂತಿರುಗಿಸಿ ಗುಜರಿ ಬೆಲೆ ಪಡೆಯಿರಿ.

ಇನ್ನು ಮುಂದೆ ಸಾಲದ ಅರ್ಜಿಯೊಡನೆ ಬ್ಯಾಟರಿಯ ಜಾತಿ, ವೋಲ್ಟ್, ಆಂಪಿಯರ್-ಅವರ್ ಮತ್ತು ಗ್ಯಾರಂಟಿಯ ಅವಧಿಯನ್ನು ಅಂಗಡಿಯವರ ಸಹಿಯೊಡನೆ ಬರೆಯಿಸಿ ತರಬೇಕಾಗಿ ವಿನಂತಿ.